ಬೆನ್ ನೆವಿಸ್‌ಗೆ ಎರಡು ದಾರಿ, ಒಂದೇ ಚೀಲದಲ್ಲಿ ಮೂರು ಜಾಕೆಟ್

ಜೂನ್ ತಿಂಗಳ ಕೊನೆಯ ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಸಾಲ್ಫರ್ಡ್‌ನ ಟ್ರಾಮ್ ನಿಲ್ದಾಣದ ಪಕ್ಕ ನಮ್ಮ ಕಾರು ನಿಂತಾಗ ಒಳಗೆ ಮೂವರಿದ್ದೆವು. ಸ್ಟೀರಿಂಗ್ ಹಿಡಿದವರು ನನ್ನ ಯಜಮಾನರು ಶ್ರೀಧರ. ಮೊಣಕಾಲು ಸವೆದಿರುವುದರಿಂದ ಬೆಟ್ಟ ಹತ್ತುವುದಿಲ್ಲ, ಆದರೆ ನಾನೂರು ಮೈಲಿ ಕಾರು ಓಡಿಸಿ ಎಂದರೆ ಮದುವೆ ಊಟಕ್ಕೆ ಕರೆದಷ್ಟು ಖುಷಿ. ಅವರ ಪಕ್ಕ ನಾನು, ಜಯ. ಬರ್ಮಿಂಗ್‌ಹ್ಯಾಮ್ ಪಕ್ಕದ ಸಟನ್ ಕೋಲ್ಡ್‌ಫೀಲ್ಡ್‌ಗೆ ಬಂದು ಹದಿನೆಂಟು ವರ್ಷವಾಯಿತು, ಔಷಧಿ ಅಂಗಡಿಯಲ್ಲಿ ಕೆಲಸ. ಹಿಂದಿನ ಸೀಟಿನಲ್ಲಿ ಶಬಾನಾ, ಧಾರವಾಡದವಳು. ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂ.ಎಸ್ಸಿ. ಓದುತ್ತಾ ಸೆಲ್ಲಿ ಓಕ್‌ನ ಒಂದು ಮನೆಯಲ್ಲಿ ಇನ್ನೂ ಐವರ ಜೊತೆ ಇದ್ದಾಳೆ. ತಿಂಗಳಿಗೊಮ್ಮೆ ನಮ್ಮ ಮನೆಗೆ ಬಂದು, ಬೇಡವೆಂದರೂ ಕೇಳದೆ, ಇಪ್ಪತ್ತು ಜೋಳದ ರೊಟ್ಟಿ ತಟ್ಟಿಟ್ಟು ಹೋಗುತ್ತಾಳೆ.

ನಿಲ್ದಾಣದಲ್ಲಿ ಹತ್ತಿದವರು ಇಬ್ಬರು. ಒಬ್ಬರು ಗಿರೀಶರು, ವಯಸ್ಸು ಐವತ್ತು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್, ನಮ್ಮ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬೆಟ್ಟ ತೋರಿಸುವ ಮುಖಂಡರು. ಆ ಪದವಿಯನ್ನು ಅವರಿಗೆ ಯಾರು ಕೊಟ್ಟರೆಂದು ಯಾರಿಗೂ ನೆನಪಿಲ್ಲ. ಇನ್ನೊಬ್ಬ ಪ್ರಕಾಶ, ದಾವಣಗೆರೆಯವನು, ಇಪ್ಪತ್ತೆಂಟರವನು. ಗಿರೀಶರ ಕೈಕೆಳಗೇ ಕೆಲಸ, ಅವನ ವೀಸಾ ನಿಂತಿರುವುದೂ ಅದೇ ಕಂಪನಿಯ ಕಾಗದದ ಮೇಲೆ.

ಈ ಪ್ರಯಾಣವನ್ನು ನಗುನಗುತ್ತಾ ಬರೆಯಬೇಕೆಂದು ಎರಡು ಸಲ ಕೂತೆ. ಆಗಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಬೆನ್ ನೆವಿಸ್ ಹತ್ತಬೇಕೆಂದಿರುವವರಿಗೆ ದಾರಿಯ ವಿವರವೂ ಇದರಲ್ಲೇ ಸಿಗುತ್ತದೆ, ಹೆಕ್ಕಿಕೊಳ್ಳಿ.

ಸಾಲ್ಫರ್ಡ್‌ನಿಂದ ಬೆಟ್ಟದ ಬುಡದ ಊರಾದ ಫೋರ್ಟ್ ವಿಲಿಯಂ ಸುಮಾರು ಮುನ್ನೂರ ಇಪ್ಪತ್ತು ಮೈಲಿ. ಲೇಕ್ ಡಿಸ್ಟ್ರಿಕ್ಟ್ ದಾಟುವವರೆಗೆ ಮಳೆ, ಕಾರ್ಲೈಲ್ ಆದಮೇಲೆ ಬಿಸಿಲು. ಮಳೆಯಲ್ಲೂ ಬಿಸಿಲಲ್ಲೂ ಗಿರೀಶರ ಮಾತು ಒಂದೇ ಸಮ. ಯಾವ ಶಿಖರ ಎಷ್ಟು ಗಂಟೆಯಲ್ಲಿ ಹತ್ತಿದೆ, ಯಾರು ಅರ್ಧದಲ್ಲಿ ಕೂತರು, ತಾನು ಅವರನ್ನು ಹೇಗೆ ಹುರಿದುಂಬಿಸಿದೆ. ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದಾಗ ಅವರು ಕಾರಿನಿಂದ ಇಳಿಯುವ ಮೊದಲೇ, “ಪ್ರಕಾಶ್, ಐದು ಟೀ. ನಂದು ಶುಗರ್ ಇಲ್ದೆ,” ಅಂದರು. ಆಫೀಸೂ ಅಲ್ಲ, ಅವನೇನು ಕ್ಯಾಂಟೀನಿನವನೂ ಅಲ್ಲ. ನಾನೂ ಅವನ ಜೊತೆ ಸಾಲಿನಲ್ಲಿ ನಿಂತೆ.

“ನಿಂಗೆ ಬೆಟ್ಟ ಅಂದ್ರೆ ಇಷ್ಟಾನಾ?” ಎಂದು ಕೇಳಿದೆ.

“ಗೊತ್ತಿಲ್ಲ ಅಕ್ಕ. ಚಾಮುಂಡಿ ಬೆಟ್ಟ ಒಂದ್ಸಲ ಹತ್ತಿದೀನಿ. ಅಲ್ಲಿ ಮೆಟ್ಲಿತ್ತು.”

“ಮತ್ತೆ ಇದಕ್ಕೆ ಯಾಕೆ ಬಂದೆ?”

“ಸರ್ ಕರೆದ್ರು,” ಎಂದು ಟೀ ಲೋಟಗಳಿಗೆ ಮುಚ್ಚಳ ಒತ್ತುತ್ತಾ ಹೇಳಿದ. “ಇಲ್ಲ ಅನ್ನೋಕಾಗುತ್ತಾ? ಹೋದ್ಸಲ ಸ್ನೋಡನ್ ಬೆಟ್ಟಕ್ಕೆ ಬರಲ್ಲ ಅಂದ ಹುಡುಗಂಗೆ ಆರು ತಿಂಗ್ಳು ಮೀಟಿಂಗಲ್ಲಿ ‘ಟೀಮ್ ಪ್ಲೇಯರ್ ಅಲ್ಲ’ ಅಂತ ಕಾಲೆಳೆದ್ರು.”

ಲಾಕ್ ಲೋಮಂಡ್ ಸರೋವರದ ದಂಡೆಯಲ್ಲಿ ಮಧ್ಯಾಹ್ನದ ಊಟ. ಚಪಾತಿ, ಶಬಾನಾ ಮಾಡಿ ತಂದ ಎಣ್ಣೆಗಾಯಿ, ಮೊಸರು. ಊಟ ಸೊಗಸಾಗಿತ್ತು, ಆದರೆ ಅಲ್ಲಿಯ ನುಸಿಗಳು ನಮ್ಮನ್ನೇ ಊಟ ಮಾಡಿದವು. ಮಿಡ್ಜ್ ಎನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ, ಕಚ್ಚಿದ ಜಾಗ ಮೂರು ದಿನ ಉರಿ. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವವರು ತಲೆಗೆ ಹಾಕುವ ಬಲೆ ಕೊಂಡೊಯ್ಯಿರಿ. ಗ್ಲೆನ್‌ಕೋ ಕಣಿವೆಯಲ್ಲಿ ಎರಡೂ ಕಡೆ ಕಪ್ಪು ಬಂಡೆಗಳು ರಸ್ತೆಯ ಮೇಲೇ ಬಗ್ಗಿ ನೋಡುವಂತೆ ನಿಂತಿದ್ದವು. ಪ್ರಕಾಶ ಕಿಟಕಿಗೆ ಹಣೆ ಹಚ್ಚಿ ನೋಡಿ, “ನಾಳೆದು ಇಷ್ಟ್ ದೊಡ್ಡದಾ?” ಎಂದು ಶಬಾನಾಳನ್ನು ಮೆಲ್ಲಗೆ ಕೇಳಿದ. “ಇದಕ್ಕಿಂತ ದೊಡ್ಡದೈತಿ. ಆದ್ರ ಚಲೋ ದಾರಿ ಐತಿ, ಹೆದರ್ಕೋಬ್ಯಾಡ್ರಿ,” ಅಂದಳು ಅವಳು.

ಸಂಜೆ ಐದೂಕಾಲಕ್ಕೆ ಫೋರ್ಟ್ ವಿಲಿಯಂ. ಹದಿಮೂರು ಡಿಗ್ರಿ. ಊರಾಚೆ ಗ್ಲೆನ್ ನೆವಿಸ್ ಕಣಿವೆಯ ಒಂದು ಬಂಕ್‌ಹೌಸಿನಲ್ಲಿ ತಲೆಗೊಂದು ಹಾಸಿಗೆ, ರಾತ್ರಿಗೆ ಇಪ್ಪತ್ತೇಳು ಪೌಂಡ್, ಅಡುಗೆಮನೆ ಎಲ್ಲರಿಗೂ ಸೇರಿದ್ದು. ನಾನು ಅಲ್ಲಿ ಪುಳಿಯೋಗರೆ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿದೆ. ಜರ್ಮನಿಯ ಇಬ್ಬರು ಹುಡುಗರು ಇಂಗಿನ ವಾಸನೆಗೆ ಮೂಗರಳಿಸಿ ಬಂದು ನಿಂತರು, ಅವರಿಗೂ ಒಂದೊಂದು ತಟ್ಟೆ ಹೋಯಿತು.

ಆಮೇಲೆ ಚೀಲ ತುಂಬುವ ಕೆಲಸ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನನ್ನನ್ನು ಸಾಕಿದವರು ದೊಡ್ಡಮ್ಮ. ಯಾತ್ರೆಗೆ ಹೊರಟರೆ ಗಂಟು ಕಟ್ಟುವುದರಲ್ಲಿ ಅವರಿಗೆ ಒಂದು ಪದ್ಧತಿಯಿತ್ತು. ತಿಂಡಿಯದ್ದು ಒಂದು ಗಂಟು, ಬಟ್ಟೆಯದ್ದು ಒಂದು, ಪಾತ್ರೆಯದ್ದು ಒಂದು. ಆಳಿಗೊಂದು ಗಂಟಲ್ಲ, ಸಾಮಾನಿಗೊಂದು ಗಂಟು. ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುವವನು ನಮ್ಮ ಮನೆಯಲ್ಲಿ ಸಣ್ಣ ಮನಸ್ಸಿನವನು. ನಾನು ಅದೇ ಅಭ್ಯಾಸದಲ್ಲಿ, ಊಟದ ಡಬ್ಬಿಗಳನ್ನೂ ತಟ್ಟೆ ಚಮಚಗಳನ್ನೂ ದೊಡ್ಡ ಚೀಲದಲ್ಲಿ, ನೀರಿನ ಬಾಟಲಿಗಳನ್ನು ಇನ್ನೊಂದರಲ್ಲಿ, ಮಳೆ ಜಾಕೆಟ್, ಉಣ್ಣೆ ಟೋಪಿ, ಕೈಗವಸುಗಳನ್ನು ಮೂರನೆಯದರಲ್ಲಿ ತುಂಬಿದೆ.

“ಅಕ್ಕಾರ, ನಮ್ಮ ಯೂನಿವರ್ಸಿಟಿ ಕ್ಲಬ್ಬಿನಾಗ ಯಾರ ಜಾಕೆಟ್ ಅವರ ಬೆನ್ನ ಮ್ಯಾಲ ಇರಬೇಕಂತಾರ್ರಿ,” ಅಂದಳು ಶಬಾನಾ. ಎರಡು ವರ್ಷದಿಂದ ಇಂಗ್ಲಿಷ್ ಹುಡುಗರ ಜೊತೆ ಗುಡ್ಡ ಸುತ್ತುವವಳು.

“ನಾವೇನು ಬೇರೆ ಬೇರೆ ಹೋಗ್ತೀವೇನೇ?” ಅಂದೆ ನಾನು. ಅವಳು ನಕ್ಕು ತನ್ನ ಜಾಕೆಟನ್ನೂ ನನ್ನ ಕೈಗೆ ಕೊಟ್ಟಳು. ನನ್ನದು, ಅವಳದು, ಪ್ರಕಾಶನದು, ಮೂರು. ಗಿರೀಶರ ಜಾಕೆಟ್ ಮಾತ್ರ ಚೀಲಕ್ಕೆ ಬರಲಿಲ್ಲ. ಹೊಸದು, ಕೆಂಪಗೆ ಹೊಳೆಯುವುದು; ಅದನ್ನು ಅವರು ಮೈಮೇಲಿಂದ ತೆಗೆದಿರಲೇ ಇಲ್ಲ.

ಶನಿವಾರ ಆರಕ್ಕೆ ಹೊರಡಬೇಕೆಂದು ಕಟ್ಟಪ್ಪಣೆ ಮಾಡಿದ ಗಿರೀಶರೇ ಕಣಿವೆಯ ಸೇತುವೆಯ ಮೇಲೆ ಮೂರು ಸಲ ವೀಡಿಯೋ ಮಾಡಿಸಿ ಏಳೂವರೆ ಮಾಡಿದರು. ಶ್ರೀಧರ ನಮ್ಮನ್ನು ಬಿಟ್ಟು, ಕೆಳಗೆ ನದಿ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡರು.

ಬೆನ್ ನೆವಿಸ್ ಈ ದೇಶದ ಅತಿ ಎತ್ತರದ ಬೆಟ್ಟ, 1345 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮುಂದೆ ಕುಳ್ಳ ಎಂದು ಉದಾಸೀನ ಮಾಡಬೇಡಿ. ಮುಳ್ಳಯ್ಯನಗಿರಿಗೆ ಮುಕ್ಕಾಲುಪಾಲು ಕಾರೇ ಹತ್ತಿಸುತ್ತದೆ. ಇಲ್ಲಿ ಹೆಚ್ಚುಕಡಿಮೆ ಸಮುದ್ರದ ಮಟ್ಟದಿಂದಲೇ ಪ್ರತಿ ಹೆಜ್ಜೆಯೂ ನಿಮ್ಮದೇ. ದಾರಿಗಳಲ್ಲಿ ಎರಡು ಮುಖ್ಯ. ಒಂದು, ಹಿಂದೆ ಕುದುರೆಗಳು ಸಾಮಾನು ಹೊತ್ತು ಹೋಗುತ್ತಿದ್ದ ಹಾದಿ; ಕಲ್ಲು ಹಾಸಿದ, ಅಗಲವಾದ, ಹಾವಿನಂತೆ ಸುತ್ತಿ ಸುತ್ತಿ ಏರುವ ದಾರಿ. ಹೋಗಿಬರಲು ಹತ್ತು ಮೈಲಿಗೂ ಹೆಚ್ಚು, ನಮ್ಮಂಥವರಿಗೆ ಎಂಟು ಒಂಬತ್ತು ಗಂಟೆ. ಇನ್ನೊಂದು ಬೆಟ್ಟದ ಬೆನ್ನ ಹಿಂದಿನ ದಾರಿ. ಉತ್ತರದ ಕಣಿವೆಗೆ ಇಳಿದು, ಪಕ್ಕದ ಇನ್ನೊಂದು ಶಿಖರ ಹತ್ತಿ, ಅಲ್ಲಿಂದ ಬಿಲ್ಲಿನಂತೆ ಬಾಗಿದ ಬಂಡೆಗಳ ಏಣಿನ ಮೇಲೆ ನಡೆದು ಬೆನ್ ನೆವಿಸ್ ತುದಿ ಸೇರಬೇಕು. ಏಣು ಕೆಲವೆಡೆ ನಮ್ಮ ಅಡುಗೆಮನೆ ಕಟ್ಟೆಯಷ್ಟೇ ಅಗಲ, ಎರಡೂ ಕಡೆ ಪಾತಾಳ, ಕೈಯೂರಿ ದಾಟಬೇಕು. ಅನುಭವವಿದ್ದವರಿಗೆ, ಒಳ್ಳೆಯ ಹವೆಯಲ್ಲಿ, ಅದು ಅದ್ಭುತವಂತೆ. ನಾವು ಹೊರಟಿದ್ದು ಮೊದಲನೆಯ ದಾರಿಗೆ. ಎಲ್ಲರೂ ಒಪ್ಪಿ ಹೊರಟಿದ್ದು.

ಮೊದಲ ಎರಡು ಗಂಟೆ ಚೆನ್ನಾಗಿಯೇ ನಡೆಯಿತು. ಕುರಿಗಳು, ಜರೀಗಿಡ, ಕೆಳಗೆ ಬೆಳ್ಳಿ ಗೆರೆಯಂತೆ ನದಿ. ಪ್ರಕಾಶ ಊಟದ ಚೀಲ ಹೊತ್ತಿದ್ದ, ಶಬಾನಾ ನೀರಿನದ್ದು, ನಾನು ಜಾಕೆಟ್‌ಗಳದ್ದು. ಗಿರೀಶರು ಕ್ಯಾಮೆರಾ. ಒಂಬತ್ತೂಮುಕ್ಕಾಲಕ್ಕೆ ಅರ್ಧದಾರಿಯ ಕೊಳ ಸಿಕ್ಕಿತು. ಅಲ್ಲೇ ದಾರಿ ಕವಲೊಡೆಯುವುದು. ಬಲಕ್ಕೆ ತಿರುಗಿದರೆ ಕುದುರೆ ಹಾದಿ, ನೇರ ಹೋದರೆ ಉತ್ತರದ ಕಣಿವೆ. ಆಕಾಶ ತೊಳೆದಿಟ್ಟ ಹಾಗಿತ್ತು. ಗಿರೀಶರು ಸೊಂಟಕ್ಕೆ ಕೈಯಿಟ್ಟು ಉತ್ತರಕ್ಕೆ ನೋಡಿದರು.

“ಇಂಥ ವೆದರ್ ಮತ್ತೆ ಸಿಗಲ್ಲ. ನಾನು ಪ್ರಕಾಶ್ ರಿಡ್ಜ್ ಮೇಲೆ ಬರ್ತೀವಿ. ಹೆಂಗಸ್ರು ನೀವಿಬ್ರೂ ಈ ಟೂರಿಸ್ಟ್ ರೂಟಲ್ಲಿ ಆರಾಮಾಗಿ ಬನ್ನಿ. ತುದೀಲಿ ಊಟಕ್ಕೆ ಸಿಗೋಣ.”

“ಸರ, ಅವರಿಗೆ ಅಭ್ಯಾಸ ಇಲ್ರಿ,” ಎಂದಳು ಶಬಾನಾ. “ಆ ಏಣಿನ ಮ್ಯಾಲ ನಾ ಹೋಗೇನ್ರಿ, ಹೋದ ವರ್ಷ. ಸುಮ್ನ ಅಲ್ಲ ಅದು.”

“ಅಮ್ಮಾ, ನಾನು ಇರ್ತೀನಲ್ಲ. ಪ್ರಕಾಶ್, ಏನಪ್ಪಾ, ರೆಡಿನಾ?”

ಪ್ರಕಾಶ ನನ್ನ ಮುಖ ನೋಡಿದ, ಶಬಾನಾಳ ಮುಖ ನೋಡಿದ. “ಸರಿ ಸರ್,” ಅಂದ.

ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. “ಹೆಂಗಸ್ರು” ಅಂದದ್ದು ಮೂಗಿನ ತುದಿಗೆ ಏರಿ ಕೂತಿತ್ತು. ಹದಿನೆಂಟು ವರ್ಷ ಇಲ್ಲಿಯ ಛಳಿಯಲ್ಲಿ ಕೆಲಸಕ್ಕೆ ಹೋಗಿ ಬಂದವಳು, ಎರಡು ಹೆತ್ತವಳು, ಇವರಿಂದ ಆರಾಮಿನ ದಾರಿ ಹೇಳಿಸಿಕೊಳ್ಳಬೇಕೇ ಎಂದು, “ನಡಿ ಶಬಾನಾ,” ಎಂದವಳೇ ಬಲಕ್ಕೆ ತಿರುಗಿ ದಡದಡ ಹೊರಟೆ. ಹಿಂತಿರುಗಿ ನೋಡಲಿಲ್ಲ. ಶಬಾನಾ ಓಡಿಬಂದು ಜೊತೆಯಾದಳು. ಅವಳಿಗೆ ನನ್ನ ಸಿಟ್ಟಿನ ಹಿಂದೆ ಓಡುವುದರಲ್ಲಿ ಬೇರೆ ಏನೂ ಹೊಳೆಯಲಿಲ್ಲವಂತೆ.

ಹನ್ನೊಂದೂವರೆಗೆ, ಸುತ್ತುಹಾದಿಯ ಮೂರನೆಯ ತಿರುವಿನಲ್ಲಿ, ಪಶ್ಚಿಮದಿಂದ ಒಂದು ಬೂದು ಗೋಡೆ ಎದ್ದು ಬಂತು. ಹತ್ತು ನಿಮಿಷದಲ್ಲಿ ಕೆಳಗಿನ ಕಣಿವೆ ಇಲ್ಲ, ಕೊಳ ಇಲ್ಲ, ಮುಂದಿನ ಮನುಷ್ಯನ ಬೆನ್ನೂ ಇಲ್ಲ. ಹನಿ ಶುರುವಾಯಿತು, ಗಾಳಿ ಅದನ್ನು ಕೆನ್ನೆಗೆ ಎಸೆಯತೊಡಗಿತು. ನಾನು ಚೀಲ ಇಳಿಸಿ ಜಿಪ್ ಎಳೆದೆ. ನನ್ನ ಜಾಕೆಟ್ ತೆಗೆದೆ, ಶಬಾನಾಳದು ತೆಗೆದೆ. ಕೆಳಗೆ ಇನ್ನೊಂದು, ನೀಲಿ ಬಣ್ಣದ್ದು, ನೀಟಾಗಿ ಮಡಚಿಟ್ಟದ್ದು.

ಪ್ರಕಾಶನದು.

“ಅವನ ಮೈಮೇಲೆ ಏನಿದೆಯೇ?” ಎಂದೆ.

“ಹತ್ತಿಯ ಸ್ವೆಟ್‌ಶರ್ಟ್ ರಿ.”

ಪ್ರಕಾಶನಿಗೆ ಫೋನ್ ಮಾಡಿದೆ. ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಗಿರೀಶರಿಗೆ ಮಾಡಿದೆ, ಅದೂ ಇಲ್ಲ. ವಾಪಸ್ ಓಡಿ ಹೋಗೋಣ ಅಂದೆ. ಶಬಾನಾ ಗಟ್ಟಿಯಾಗಿ ಕೈ ಹಿಡಿದಳು. “ಅವರು ಹೋಗಿ ಎರಡು ತಾಸಾತ್ರಿ. ಈಗ ಹಿಂದ ಹೋದ್ರ ಅವರು ಸಿಗಂಗಿಲ್ಲ, ನಾವೂ ತಪ್ಪಿಸ್ಕೋತೇವಿ. ಮ್ಯಾಲ ಹೋಗಿ ಕಾಯೋಣ್ರಿ.” ಅಲ್ಲಿಂದ ತುದಿಯವರೆಗೆ ನಾನು ಗಿರೀಶರನ್ನು ಬೈದುಕೊಂಡು ಹತ್ತಿದೆ. ಅವರ ವಂಶ, ಅವರ ಕ್ಯಾಮೆರಾ, ಅವರ ಸಕ್ಕರೆಯಿಲ್ಲದ ಟೀ ಯಾವುದನ್ನೂ ಬಿಡಲಿಲ್ಲ. ಆದರೆ ಬೆನ್ನ ಮೇಲೆ ಹಗುರವಾಗಿದ್ದ ಆ ಚೀಲ ಪ್ರತಿ ಹೆಜ್ಜೆಗೂ ನನ್ನನ್ನೇ ಬೈಯುತ್ತಿತ್ತು.

ಒಂದೂಕಾಲಕ್ಕೆ ತುದಿ. ಹೋಗುವವರು ಕೇಳಿ: ಕೊನೆಯ ಭಾಗ ಚಪ್ಪಟೆ ಕಲ್ಲುಗುಡ್ಡೆ, ಎಡಕ್ಕೆ ಕೆಲವು ಹೆಜ್ಜೆಯಲ್ಲೇ ಸಾವಿರಾರು ಅಡಿಯ ಕಂದರ, ಮಂಜಿನಲ್ಲಿ ಏನೂ ಕಾಣುವುದಿಲ್ಲ. ಮನುಷ್ಯನೆತ್ತರದ ಕಲ್ಲುಗೋಪುರಗಳನ್ನು ಸಾಲಾಗಿ ಕಟ್ಟಿದ್ದಾರೆ, ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ಜೂನ್ ಕೊನೆಯಲ್ಲೂ ಮೂಲೆಯಲ್ಲಿ ಕೊಳಕು ಹಿಮ ಉಳಿದಿತ್ತು. ಹಳೆಯ ಹವಾಮಾನ ಕಟ್ಟಡದ ಪಾಳುಗೋಡೆ, ಅದರ ಮೇಲೆ ಪೆಟ್ಟಿಗೆಯಂಥ ಪುಟ್ಟ ತುರ್ತು ಆಸರೆ. ಅದರ ಬಾಗಿಲಲ್ಲಿ ಕೂತೆವು. ಎರಡು ಗಂಟೆಯಾಯಿತು. ಎರಡೂವರೆ. ಮೂರು. ಮಳೆಯ ಜೊತೆ ಆಲಿಕಲ್ಲಿನ ಚೂರು. ನಾನು ಆ ನೀಲಿ ಜಾಕೆಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಒದ್ದೆಯಾಗದಂತೆ ನನ್ನ ಜಾಕೆಟಿನ ಅಂಚು ಹೊದಿಸಿ.

ಮೂರೂಕಾಲಕ್ಕೆ ಮಂಜಿನಿಂದ ಒಂದು ಕೆಂಪು ಬಣ್ಣ ಎದ್ದು ಬಂತು. ಒಂದೇ.

“ಅಬ್ಬಾ, ಏನ್ ರೂಟು. ಆದ್ರೆ ವ್ಯೂ ಎಲ್ಲಾ ಮಿಸ್ ಆಯ್ತು,” ಎಂದರು ಗಿರೀಶರು.

“ಪ್ರಕಾಶ ಎಲ್ಲಿ?”

“ಬರ್ತಿದಾನೆ. ಹಿಂದೆ ಇದಾನೆ.”

“ಹಿಂದೆ ಅಂದ್ರೆ?”

“ರಿಡ್ಜ್ ಮಧ್ಯೆ ಕೂತ್ಬಿಟ್ಟ. ಕಾಲು ನಡುಗ್ತಿದೆ ಅಂದ. ರೆಸ್ಟ್ ತಗೊಂಡು ಮೆಲ್ಲಗೆ ಬಾ ಅಂದೆ. ಒಂದು ಗಂಟೆ ಆಗಿರ್ಬೋದು.”

“ಬಿಟ್ಟು ಬಂದ್ರಾ?”

“ಬಿಟ್ಟು ಅಲ್ಲ ಜಯಾ ಅವ್ರೇ. ನೀವು ಕಾಯ್ತಿರ್ತೀರ ಅಂತ ಹೇಳೋಕೆ ಮುಂದೆ ಬಂದೆ.”

ಇಲ್ಲಿಂದ ಮುಂದೆ ಬರೀ ಗಿರೀಶ ಎಂದೇ ಬರೆಯುತ್ತೇನೆ. ಬಹುವಚನ ಬರೆಯಲು ಕೈ ಏಳುತ್ತಿಲ್ಲ.

ಶಬಾನಾ ಆಗಲೇ ಫೋನ್ ತೆಗೆದಿದ್ದಳು, ತುದಿಯಲ್ಲಿ ಸಿಗ್ನಲ್ ಇತ್ತು. ಈ ದೇಶದಲ್ಲಿ ಬೆಟ್ಟದ ಮೇಲೆ ಕಷ್ಟವಾದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್ ಎನ್ನಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ, ಅಂದರೆ ಬೆಟ್ಟದ ರಕ್ಷಣಾ ತಂಡ, ಎನ್ನಬೇಕು. ಅವಳ ಬಾಯಿಂದ ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಗಿರೀಶ ಎದ್ದು ನಿಂತ.

“ಪೊಲೀಸ್ ಯಾಕೆ? ಸೀನ್ ಮಾಡ್ಬೇಡಿ. ಆಫೀಸಲ್ಲಿ ಗೊತ್ತಾದ್ರೆ ತೊಂದ್ರೆ ಅವನಿಗೇ. ಅವನ ವೀಸಾ ರಿನ್ಯೂವಲ್ ನನ್ನ ಟೇಬಲ್ ಮೇಲಿದೆ, ಅದು ನೆನಪಿರಲಿ.”

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತಿಗೆ ನಾನು ಒಂದು ನಿಮಿಷ ನಿಂತೆ. ಪೊಲೀಸು, ವೀಸಾ ಎರಡೂ ಒಂದೇ ಉಸಿರಿನಲ್ಲಿ ಕೇಳಿದರೆ ನಮ್ಮಂಥವರ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಶಬಾನಾ ಸರಿಯಲಿಲ್ಲ. “ಅಕ್ಕಾರ, ವೀಸಾ ಬದುಕಿದ್ದವರಿಗೆ ಬೇಕಾಗ್ತೈತ್ರಿ,” ಎಂದು ಫೋನು ನನ್ನ ಕೈಗೆ ಕೊಟ್ಟಳು. “ನೀವು ದೊಡ್ಡವರು, ನೀವೇ ಮಾತಾಡ್ರಿ. ನಾ ಜಾಗ ಹೇಳ್ತೇನಿ.”

ಆ ಕಡೆ ಒಬ್ಬ ಹೆಂಗಸಿನ ಧ್ವನಿ, ಅವಸರವಿಲ್ಲದ ಧ್ವನಿ. ಹೆಸರೇನು, ವಯಸ್ಸೇನು, ಕಾಯಿಲೆಯೇನಾದರೂ ಇದೆಯೇ, ಕೊನೆಯದಾಗಿ ಕಂಡದ್ದು ಎಲ್ಲಿ. ಎಲ್ಲ ಹೇಳಿದೆ. “ಯಾವ ಬಣ್ಣದ ಜಾಕೆಟ್ ಹಾಕಿದ್ದಾನೆ?” ಎಂದು ಕೇಳಿದಳು, ದೂರದಿಂದ ಗುರುತು ಹಿಡಿಯಲು. ನಾನು ತೊಡೆಯ ಮೇಲೆ ನೋಡಿದೆ.

“ಹಾಕಿಲ್ಲ,” ಎಂದೆ. “ಜಾಕೆಟ್ ನನ್ನ ಹತ್ತಿರ ಇದೆ.”

ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ತಂಡ ಹೊರಡುತ್ತದೆ, ನೀವು ಯಾರೂ ಏಣಿನ ಮೇಲೆ ಹೋಗಕೂಡದು, ಇದ್ದಲ್ಲೇ ಇರಿ, ಫೋನ್ ಚಾರ್ಜ್ ಉಳಿಸಿ ಎಂದಳು.

ನಾನು ಫೋನ್ ಇಟ್ಟು ಗಿರೀಶನ ಕಡೆ ತಿರುಗಿದೆ. ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ದೊಡ್ಡಮ್ಮ ಹಸು ಕದ್ದವನಿಗೆ ಬೈಯುತ್ತಿದ್ದ ಕೆಲವು ಮಾತು ಮೂವತ್ತು ವರ್ಷದ ಮೇಲೆ ನಾಲಿಗೆಗೆ ಬಂದವು. ಆಸರೆಯಲ್ಲಿದ್ದ ಇಬ್ಬರು ಸ್ಕಾಟಿಷ್ ಹುಡುಗಿಯರಿಗೆ ಭಾಷೆ ಗೊತ್ತಿಲ್ಲದಿದ್ದರೂ ತಿರುಳು ಗೊತ್ತಾಗಿ, ಸರಿದು ಜಾಗ ಮಾಡಿಕೊಟ್ಟರು. ಗಿರೀಶ, “ನೀವು ಎಮೋಷನಲ್ ಆಗಿದೀರ,” ಎಂದು ಜೇಬಿನಿಂದ ಒಂದು ಚಾಕೊಲೇಟ್ ಬಾರ್ ತೆಗೆದು ಅರ್ಧ ಮುರಿದು ನನ್ನತ್ತ ಚಾಚಿದ. ನಾನು ಮುಟ್ಟಲಿಲ್ಲ. ಶಬಾನಾ ತೆಗೆದುಕೊಂಡಳು. ನಾನು ಕಣ್ಣು ಬಿಟ್ಟೆ. “ಹೊಟ್ಟಿಗೇನ್ ಸಿಟ್ಟು ಗೊತ್ತಾಗ್ತೈತೇನ್ರಿ? ಪ್ರಕಾಶಗ ಇಡ್ತೇನಿ ಇದನ್ನ,” ಎಂದು ಜೇಬಿಗೆ ಹಾಕಿಕೊಂಡಳು.

ನಾಲ್ಕು ಮೂವತ್ತೈದಕ್ಕೆ ಮಂಜಿನಲ್ಲಿ ಕಿತ್ತಳೆ ಬಣ್ಣದ್ದೇನೋ ಅಲ್ಲಾಡಿತು. ಮೂರು ಜನ. ಮುಂದೆ ಒಬ್ಬ ಬಿಳಿತಲೆಯ ಗಂಡಸು, ಹಿಂದೆ ಅರವತ್ತು ದಾಟಿದ ಹೆಂಗಸು, ನಡುವೆ ಇಬ್ಬರ ಕೈಯಲ್ಲೂ ಒಂದೊಂದು ತೋಳು ಕೊಟ್ಟ ಪ್ರಕಾಶ. ಅವನಿಗೆ ದೊಡ್ಡದಾದ ಯಾರದೋ ಜಾಕೆಟ್, ಮೇಲಿಂದ ಕಿತ್ತಳೆ ಬಣ್ಣದ ದಪ್ಪ ಪ್ಲಾಸ್ಟಿಕ್ ಚೀಲವನ್ನು ತಲೆ ತೂರಿಸುವಷ್ಟು ಕತ್ತರಿಸಿ ತೊಡಿಸಿದ್ದರು. ತುಟಿ ನೇರಳೆಹಣ್ಣು ತಿಂದವನ ಹಾಗೆ.

ಅವರಿಬ್ಬರೂ ಅಕ್ಕ ತಮ್ಮ, ಲೀಡ್ಸ್ ಹತ್ತಿರದವರು. ಏಣಿನ ನಡುವೆ ಬಂಡೆ ತಬ್ಬಿ ಕೂತಿದ್ದವನನ್ನು ಕಂಡು, ಮುಕ್ಕಾಲು ಗಂಟೆ ಅವನನ್ನು ನಡುವೆ ಕೂರಿಸಿಕೊಂಡು ಬೆಚ್ಚಗೆ ಮಾಡಿ, ಆಮೇಲೆ ಒಂದೊಂದೇ ಹೆಜ್ಜೆ ಹೇಳಿಕೊಟ್ಟು ದಾಟಿಸಿದ್ದರು. “ಎಂಥ ಹುಡುಗ,” ಎಂದಳು ಆಕೆ ನನಗೆ. “ಹಲ್ಲು ಕಟಕಟ ಎನ್ನುತ್ತಿದೆ, ಆದರೂ ಡಬ್ಬಿ ತೆಗೆದು ಮೊದಲು ನಮಗೆ ಅನ್ನ ಬಡಿಸಿದ. ಖಾರವಿತ್ತು, ಚೆನ್ನಾಗಿತ್ತು.” ಆಮೇಲೆ ಮುಖ ಬಿಗಿದು ಕೇಳಿದಳು, “ಇವನು ನಿಮ್ಮವನೇ?”

“ಹೌದು,” ಎಂದೆ.

“ಹಾಗಾದರೆ ನಿಮ್ಮವನ ಹಾಗೆ ನೋಡಿಕೊಳ್ಳಿ.”

ತಲೆ ತಗ್ಗಿಸಿದೆ. ನೀಲಿ ಜಾಕೆಟ್ ಅವನಿಗೆ ತೊಡಿಸಿ, ಪ್ಲಾಸ್ಟಿಕ್ ಚೀಲವನ್ನು ಮತ್ತೆ ಮೇಲೆ ಹಾಕಿ, ಟೋಪಿ ಎಳೆದು, ಅಂಗೈ ಉಜ್ಜುತ್ತಾ ಕೂತೆ. ಶಬಾನಾ ಚಾಕೊಲೇಟನ್ನು ಚೂರು ಮಾಡಿ ಮಗುವಿಗೆ ತಿನ್ನಿಸುವಂತೆ ತಿನ್ನಿಸಿದಳು. “ಅಕ್ಕ, ಮೊಸರನ್ನದ ಡಬ್ಬಿ ಕೆಳಗೆ ಬಿದ್ದೋಯ್ತು,” ಎಂದ ಅವನು. “ಡಬ್ಬಿ ಹಾಳಾಗ್ಲಿ ಬಿಡೋ,” ಎಂದೆ. ಆಮೇಲೆ ಅವನು ಕತ್ತು ತಿರುಗಿಸಿ ಗಿರೀಶನನ್ನು ಹುಡುಕಿ, “ಸಾರಿ ಸರ್, ಲೇಟಾಯ್ತು,” ಎಂದ.

ಆ ದಿನ ನನಗೆ ಬಂದ ಎಲ್ಲ ಸಿಟ್ಟಿಗಿಂತ ದೊಡ್ಡ ಸಿಟ್ಟು ಬಂದದ್ದು ಆ ಮಾತಿಗೆ. ಗಿರೀಶನೋ, “ಇಟ್ಸ್ ಓಕೆ, ಇಟ್ಸ್ ಓಕೆ,” ಎಂದು ಅವನ ಭುಜ ತಟ್ಟಿದ.

ರಕ್ಷಣಾ ತಂಡಕ್ಕೆ ಫೋನ್ ಮಾಡಿ ಸಿಕ್ಕಿದ ಎಂದು ತಿಳಿಸಿ, ಲೀಡ್ಸ್‌ನ ಅಕ್ಕತಮ್ಮಂದಿರ ಹಿಂದೆಯೇ ಕುದುರೆ ಹಾದಿಯಲ್ಲಿ ಇಳಿದೆವು. ಕೊಳದ ಹತ್ತಿರ ತಂಡದ ಇಬ್ಬರು ಎದುರಾದರು. ಇವರಿಗೆ ಸಂಬಳವಿಲ್ಲ, ಎಲ್ಲ ಸ್ವಂತ ಮನಸ್ಸಿನಿಂದ ಬರುವವರು. ಒಬ್ಬ ಬಡಗಿ, ಯಾರದೋ ಮನೆಯ ಮೆಟ್ಟಿಲು ಕೂರಿಸುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ. ಪ್ರಕಾಶನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ತನ್ನ ಫ್ಲಾಸ್ಕಿನಿಂದ ಬಿಸಿ ಟೀ ಸುರಿದು ಕೊಟ್ಟ. ಗಿರೀಶ ಮುಂದೆ ಬಂದು, ತಾನು ಅನುಭವಿ, ಎಲ್ಲ ನಿಯಂತ್ರಣದಲ್ಲಿತ್ತು ಎಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ಬಡಗಿ ಅವನ ಕೆಂಪು ಜಾಕೆಟನ್ನೊಮ್ಮೆ, ಪ್ರಕಾಶನ ಮೈಮೇಲಿನ ಪ್ಲಾಸ್ಟಿಕನ್ನೊಮ್ಮೆ ನೋಡಿ, ಮಾತು ಮುಗಿಯುವ ಮೊದಲೇ ತಿರುಗಿ ನಡೆದ. ಎಂಟೂವರೆಗೆ, ಇನ್ನೂ ಹಗಲಿನಷ್ಟೇ ಬೆಳಕಿರುವಾಗ, ಕೆಳಗೆ ಮುಟ್ಟಿದೆವು. ಶ್ರೀಧರ ಏನೂ ಕೇಳದೆ ಪ್ರಕಾಶನನ್ನು ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿದರು.

ಭಾನುವಾರ ವಾಪಸ್. ಗ್ಲೆನ್‌ಕೋ ದಾಟಿದೆವು. ಆಮೇಲೆ ಗಿರೀಶ ಹಿಂದಿನ ಸೀಟಿನಿಂದ, “ಒಟ್ನಲ್ಲಿ ಎಲ್ಲರಿಗೂ ಒಂದು ಒಳ್ಳೆ ಲರ್ನಿಂಗ್ ಆಯ್ತು,” ಎಂದ. ನಾನು ಶ್ರೀಧರರಿಗೆ ಕಾರು ನಿಲ್ಲಿಸಲು ಹೇಳಿದೆ. ರಸ್ತೆ ಬದಿಯಲ್ಲಿ ನಿಂತಿತು.

“ಯಾರಿಗೆ ಏನು ಲರ್ನಿಂಗು, ಅದನ್ನ ಹೇಳಿ ಮುಂದೆ ಹೋಗೋಣ,” ಎಂದೆ. “ನಾನು ಶುರು ಮಾಡ್ತೀನಿ. ನನಗೆ ಕೋಪ ಬಂತು ಅಂತ ಇವನ ಜಾಕೆಟ್ ಹೊತ್ಕೊಂಡು ಹೊರಟುಹೋದೆ. ತಪ್ಪು ನಂದು. ಪ್ರಕಾಶ, ಅದನ್ನ ನಿಂಗೆ ಹೇಳ್ಬೇಕಿತ್ತು, ಹೇಳ್ದೆ. ಈಗ ನೀವು ಹೇಳಿ, ಗಿರೀಶ್.”

ಗಿರೀಶ ಕಿಟಕಿಯಾಚೆ ನೋಡಿದ. ಲಾರಿಗಳು ಕಾರನ್ನು ಅಲ್ಲಾಡಿಸಿ ಹೋದವು. ಪ್ರಕಾಶನೇ ಮಾತಾಡಿದ.

“ಅಕ್ಕ, ನಂಗೆ ಅಲ್ಲೇ ನೆನಪಾಗಿತ್ತು. ನೀವು ಹೋಗಿ ನೂರು ಹೆಜ್ಜೆ ಆಗಿತ್ತಷ್ಟೆ. ಕೂಗಿದ್ರೆ ಕೇಳಿಸ್ತಿತ್ತು. ಸರ್‌ಗೆ ಹೇಳಿದೆ. ‘ಮಳೆ ಎಲ್ಲಿ ಬರುತ್ತೆ, ನಡಿ’ ಅಂದ್ರು. ನಡೆದೆ.” ಆಮೇಲೆ ತಾನೇ ಸೇರಿಸಿ, “ನಾನು ಕೂಗ್ಬೋದಿತ್ತು,” ಎಂದ.

ಗಿರೀಶ ಫೋನ್ ತೆಗೆದು ಮನೆ ಮುಟ್ಟುವ ಹೊತ್ತು ನೋಡಿದ. ಶ್ರೀಧರ ಗೇರ್ ಹಾಕಿದರು. ಸಂಜೆ ನಾಲ್ಕೂವರೆಗೆ ಸಾಲ್ಫರ್ಡ್. ಗಿರೀಶ ಇಳಿದು ಕೈ ಬೀಸಿ ಹೋದ. ಪ್ರಕಾಶ ಖಾಲಿ ಡಬ್ಬಿಗಳನ್ನು ತೊಳೆದೇ ಕೊಡುತ್ತೇನೆಂದು ಹಟ ಹಿಡಿದ, ನಾನು ಕಸಿದುಕೊಂಡೆ.

ಇದಾಗಿ ಎರಡು ತಿಂಗಳ ಮೇಲೆ, ಸೆಪ್ಟೆಂಬರಿನ ಒಂದು ಬೆಳಗ್ಗೆ, ಗುಂಪಿನಲ್ಲಿ ಗಿರೀಶನ ಸಂದೇಶ ಬಂತು. ಮುಂದಿನ ಶನಿವಾರ ಲೇಕ್ ಡಿಸ್ಟ್ರಿಕ್ಟಿನ ಒಂದು ಬೆಟ್ಟ, ತನ್ನ ತಂಡದಿಂದ ಪ್ರಕಾಶ್ ಮತ್ತು ಇಬ್ಬರು ಬರುತ್ತಾರೆ, ಉಳಿದವರು ಹೆಸರು ಕೊಡಿ ಎಂದು. ನೂರ ನಲವತ್ತು ಜನ ಇರುವ ಗುಂಪು. ನಾನು ಒಲೆಯ ಮುಂದೆ ದೋಸೆ ಹುಯ್ಯುತ್ತಾ ನೋಡುತ್ತಿದ್ದ ಹಾಗೆ ಅದರ ಕೆಳಗೆ ಒಂದು ಸಾಲು ಮೂಡಿತು. “ಸರ್, ನಾನು ಬರಲ್ಲ. ಪ್ರಕಾಶ್.” ಕಾರಣ ಬರೆದಿರಲಿಲ್ಲ. ಸಾರಿ ಎಂದೂ ಬರೆದಿರಲಿಲ್ಲ.

ಆ ಶನಿವಾರ ಪ್ರಕಾಶ ರೈಲಿನಲ್ಲಿ ನಮ್ಮ ಮನೆಗೆ ಬಂದ. ಮಧ್ಯಾಹ್ನ ಊಟ ಮಾಡಿ, ಸೋಫಾದ ಮೇಲೆ ಐದು ಗಂಟೆಯವರೆಗೆ ಮಲಗಿ ನಿದ್ದೆ ಮಾಡಿದ.